ನೆರೆ ಶೆಡ್ಡಿಗೆ ಹಳೆ ತಗಡು: ರಾಯಚೂರಿನ ಗುಜರಿ ಅಂಗಡಿ ಹೇಗಿದೆ?

ಕೃಷ್ಣಾ ದಂಡೆಯ ಊರಲ್ಲಿ ನೆರೆ ನೀರಿಗೆ ಮನೆ ಬಿದ್ದವರಿಗೆ ಶೆಡ್ ಹಾಕಿಕೊಡೋಕೆ ನಾವು ಗೆಳೆಯರು ಸಾಮಾನು ತಂದಿದ್ದು ಮಂತ್ರಾಲಯ ರಸ್ತೆ ಕಡೆ ಇರುವ ಗುಜರಿ ಅಂಗಡಿಯಿಂದ. ಹಳೆ ತಗಡು, ಕಬ್ಬಿಣದ ಪೈಪು, ಬಾಗಿಲು, ಬಿಚ್ಚಿ ತಂದ ಫ್ಲೆಕ್ಸು ಎಲ್ಲ ಒಂದೇ ಕಡೆ ಸಿಗುತ್ತವೆ. ತಗಡಿಗೆ ಹೊಸದರ ಅರ್ಧ ರೇಟೂ ಬೀಳಲಿಲ್ಲ.

ಅಂಗಡಿಯವರು ಆರಿಸೋಕೆ ಬಿಡುತ್ತಾರೆ, ಅದೇ ನನಗೆ ತುಂಬಾ ಹಿಡಿಸಿದ್ದು. ಒಂದೊಂದೇ ತಗಡು ಎತ್ತಿ ಬಿಸಿಲಿಗೆ ಹಿಡಿದು ನೋಡಿ. ಚುಕ್ಕಿ ಚುಕ್ಕಿ ಬೆಳಕು ಕಂಡರೆ ತುಕ್ಕು ತಿಂದಿದೆ, ಬೇಡ. ಹಳೆ ಮೊಳೆ ತೂತು ಉಬ್ಬಿನ ಮೇಲಿದ್ದರೆ ಚಿಂತೆ ಇಲ್ಲ, ಅದರಲ್ಲೇ ರಬ್ಬರ್ ವಾಷರ್ ಹಾಕಿ ಬೋಲ್ಟ್ ಬಿಗಿಯಬಹುದು. ತಗ್ಗಿನಲ್ಲಿದ್ದರೆ ಮಾತ್ರ ಬಿಟ್ಟುಬಿಡಿ, ಮಳೆ ನೀರು ಹರಿಯೋದೇ ಅಲ್ಲಿ ಅಲ್ವಾ, ಮಲಗಿದ ಮಕ್ಕಳ ಮೇಲೇ ಸೋರುತ್ತದೆ.

ಎಷ್ಟು ತಗಡು ಬೇಕು ಅಂತ ಅವರೇ ಲೆಕ್ಕ ಹಾಕಿಕೊಡುತ್ತಾರೆ, ಅಳತೆ ನೀವು ಹೇಳಬೇಕು. ಪರಿಹಾರ ಕೆಲಸದಲ್ಲಿ ಒಬ್ಬರಿಗೆ ಕನಿಷ್ಠ 3.5 ಚದರ ಮೀಟರ್ ಜಾಗ ಅನ್ನೋ ಲೆಕ್ಕ ಇದೆ. ಐದು ಜನ ಇದ್ದರೆ ಸುಮಾರು 190 ಚದರ ಅಡಿ. ಇದಕ್ಕಿಂತ ಕಡಿಮೆ ಮಾಡಬೇಡಿ.

ಮೂಲೆಯಲ್ಲಿ ಹಳೆ ಸಿಮೆಂಟ್ ಶೀಟುಗಳೂ ಬಿದ್ದಿವೆ. ಅಗ್ಗ ಅಂತ ದಯವಿಟ್ಟು ತರಬೇಡಿ! ಅಂಥವುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ, ಒಡೆದಾಗ ಕೊರೆದಾಗ ಏಳುವ ಧೂಳು ಒಳಗೆ ಹೋದರೆ ಶ್ವಾಸಕೋಶದ ಕ್ಯಾನ್ಸರ್ ಬರಬಹುದು. ಇಂಥದ್ದನ್ನು ಮಾರಲೇಬಾರದು, ಅವರಿಗೂ ಹೇಳಿ ಬಂದಿದ್ದೇನೆ. ಫ್ಲೆಕ್ಸು ಗೋಡೆಗೆ ಸಾಕು, ಎರಚಲು ಮಳೆ ತಡೆಯುತ್ತದೆ. ಒಲೆ ಇರುವ ಕಡೆ ಮಾತ್ರ ತಗಡೇ ಇರಲಿ, ಬೆಂಕಿ ತಾಗಿದರೆ ಫ್ಲೆಕ್ಸು ಕರಗಿ ಮೈಮೇಲೆ ಬೀಳುತ್ತದೆ.

ಹಳೆ ಇಟ್ಟಿಗೆಯೂ ಇದೆ, ಆದರೆ ಬುನಾದಿಗೆ ಅಂತ ಅದಕ್ಕೆ ಸುಮ್ನೆ ದುಡ್ಡು ಹಾಕಬೇಡಿ, ಬಿದ್ದ ಮನೆಯ ಕಲ್ಲೇ ಸಾಕು. 2001ರಲ್ಲಿ ಗುಜರಾತಿನ ಭುಜ್ ಭೂಕಂಪ ಆದಾಗ ಜಪಾನಿನ ವಾಸ್ತುಶಿಲ್ಪಿ ಶಿಗೆರು ಬಾನ್ ಕಾಗದದ ಕೊಳವೆಗಳಿಂದ ಗೋಡೆ ನಿಲ್ಲಿಸಿ, ಬುನಾದಿಗೆ ಬಿದ್ದ ಕಟ್ಟಡಗಳ ಕಲ್ಲು ಮಣ್ಣನ್ನೇ ಬಳಸಿದ್ದರು. ನಾವೂ ಬಿದ್ದ ಗೋಡೆಯ ಕಲ್ಲು ತುಂಬಿ, ಮೇಲೆ ಮಣ್ಣು ಬಡಿದು ನೆಲ ಎತ್ತರಿಸಿದೆವು. ಮನೆಯವರೇ ಮುಂದೆ ನಿಂತು ಕಲ್ಲು ಹೊತ್ತರು.

ಒಂದೇ ಬೇಜಾರು, ಸಾಗಿಸೋಕೆ ಅಂಗಡಿಯವರ ಗಾಡಿ ಇಲ್ಲ. ಟ್ರ್ಯಾಕ್ಟರ್ ಮೊದಲೇ ಮಾತಾಡಿಕೊಂಡು, ಬೆಳಿಗ್ಗೆ ಬೇಗ ಹೋಗಿ. ಬಿಸಿಲೇರಿದ ಮೇಲೆ ತಗಡು ಮುಟ್ಟೋಕಾಗಲ್ಲ.