ಮುದ್ದೆಗೆ ಐದು ಸ್ಟಾರ್, ಬಿಲ್ಲಿಗೆ ಒಂದು

ಮಂಡ್ಯ ರೈಲ್ವೆ ಸ್ಟೇಷನ್ ಹತ್ತಿರದ ಒಂದು ಮೆಸ್ಸು. ಹೆಸರು ಬೇಡ, ನಾಳೆಯೂ ಅಲ್ಲೇ ಉಣ್ಣಬೇಕಲ್ವಾ. ಮುದ್ದೆಯಲ್ಲಿ ಒಂದು ಗಂಟಿಲ್ಲ. ಬಸ್ಸಾರಿಗೆ ಬೆಳ್ಳುಳ್ಳಿ ಜಾಸ್ತಿ, ನನಗದೇ ಇಷ್ಟ.

ತೊಂದರೆ ಗಲ್ಲಾದಲ್ಲಿದೆ. ಅಲ್ಲಿ ಕೂರುವವನು ತಿನ್ನದ ಆಮ್ಲೆಟ್‌ಗೆ ಮೂರನೇ ಸಲ ಬಿಲ್ ಹಾಕಿದ. ಯಜಮಾನರಿಗೆ ಹೇಳಿದರೆ, "ಬುಡಿ ಸಾ, ಇಪ್ಪತ್ತು ವರ್ಸದಿಂದ ಜೊತೆಗವ್ನೆ, ಅಂಥೋನಲ್ಲ" ಎಂದರು.

ನಾನು ರಿಟೈರ್ಡ್ ಹಿಸ್ಟರಿ ಮೇಷ್ಟ್ರು, ಸುಮ್ನಿರ್ತೀನಾ? ಅಮೆರಿಕದ ಅಧ್ಯಕ್ಷನಾಗಿದ್ದ ನಿಕ್ಸನ್ ಕಥೆ ಶುರು ಮಾಡಿದೆ. ವಿರೋಧ ಪಕ್ಷದ ಕಚೇರಿಗೆ ಕಳ್ಳರಂತೆ ನುಗ್ಗಿದ್ದನ್ನು ಮುಚ್ಚಿಹಾಕಲು ನೋಡಿದ ವಾಟರ್‌ಗೇಟ್ ಹಗರಣದಲ್ಲಿ ಹಾಲ್ಡೆಮನ್, ಎರ್ಲಿಕ್‌ಮನ್ ಎಂಬ ಆಪ್ತರ ರಾಜೀನಾಮೆ ಪಡೆದದ್ದು 1973ರ ಏಪ್ರಿಲ್ 30ಕ್ಕೆ. ಆಗಲೂ ಟೀವಿಯಲ್ಲಿ ಅವರನ್ನು ಹೊಗಳಿದ್ದ. 1974ರ ಆಗಸ್ಟ್‌ನಲ್ಲಿ ತಾನೇ ಕುರ್ಚಿ ಬಿಟ್ಟ.

ಯಜಮಾನರು ಪೂರ್ತಿ ಕೇಳಿ, "ಇನ್ನೊಂದ್ ಮುದ್ದೆ ಹಾಕ್ಲಾ ಸಾ?" ಅಂದರು. ಹಾಕಿಸಿಕೊಂಡೆ. ಬಿಲ್ಲಿನಲ್ಲಿ ಆ ಒಂದು ಎರಡಾಗಿ ಬಂದಿತ್ತು.