ನಾನು ರಜೆ ಹಾಕಿದ ದಿನ ಲೈಬ್ರರಿ ನಡೆಯುತ್ತಾ?

ಗದಗಿನಲ್ಲಿ ಚಿಕ್ಕಪ್ಪನ ಮಗಳ ಮದುವೆ. ಕೈಯಲ್ಲಿ ಅಕ್ಕಿಕಾಳು ಹಿಡಿದು ನಿಂತಿದ್ದೆ. ಫೋನ್ ಬಂತು. ಹಾವೇರಿಯಿಂದ, ನಾನು ಲೈಬ್ರರಿಯನ್ ಆಗಿರುವ ಕಾಲೇಜಿನ ಅಟೆಂಡರ್ ಕಾಕಾ.

"ಸರ್, ಆ ಕೆಂಪು ರಟ್ಟಿನ ಎಕನಾಮಿಕ್ಸ್ ಪುಸ್ತಕ ಎಲ್ಲಿ ಐತ್ರೀ? ಹುಡುಗಿ ಬಂದು ಅರ್ಧ ತಾಸು ಆತು."

"ಮೂರನೇ ರ‍್ಯಾಕು, ಮ್ಯಾಲಿಂದ ಎರಡನೇ ಖಣ, ಎಡಕ್ಕ. ದಪ್ಪ ಡಿಕ್ಷನರಿ ಮಗ್ಗಲಕ್ಕ ನೋಡ್ರಿ ಕಾಕಾ."

ಸಿಕ್ಕಿತು. ನನಗೆ ಹೆಮ್ಮೆಯೇ ಆಯಿತು. ಊಟಕ್ಕೆ ಕೂತು ಮಾದಲಿಗೆ ತುಪ್ಪ ಹಾಕಿಸಿಕೊಳ್ಳುವಾಗ ಮಾತ್ರ ಸ್ವಲ್ಪ ಗಾಬರಿಯಾಯಿತು. 18,000 ಪುಸ್ತಕದ ಕ್ಯಾಟಲಾಗ್ ನನ್ನ ತಲೆಯೊಳಗಿದೆ. ನಾಳೆ ನನಗೆ ವರ್ಗವಾದರೆ ಅದೂ ನನ್ನ ಜೊತೆ ಬಸ್ ಹತ್ತುತ್ತದೆ.

ಇದು ಕೆಲವು ವರ್ಷದ ಹಿಂದಿನ ಮಾತು. ಅವತ್ತಿಂದ ಒಂದೊಂದು ಕೆಲಸಕ್ಕೂ ಎರಡು ಮೂರು ದಾರಿ ಹಿಡಿದು ನೋಡಿದ್ದೇನೆ. ಅಳತೆಗೋಲು ಒಂದೇ: ನಾನು ರಜೆ ಹಾಕಿದ ದಿನ ಅದು ನಡೆಯುತ್ತಾ, ಇಲ್ವಾ? ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆ ಏನು ಕೇಳುತ್ತದೆ ಅನ್ನುವುದು ಬೇರೆ. ಅದಕ್ಕೆ ಬೇರೆ ಫೈಲಿದೆ.

ಕಪಾಟು: ಸೆಮಿಸ್ಟರ್ ಲೆಕ್ಕವೋ, ಡ್ಯೂಯಿ ಲೆಕ್ಕವೋ

ಮೊದಲು ನಮ್ಮಲ್ಲಿ ಪುಸ್ತಕ ಇಟ್ಟಿದ್ದು ಸೆಮಿಸ್ಟರ್ ನೋಡಿ. ಬಿ.ಎ. ಮೂರನೇ ಸೆಮ್‌ದು ಒಂದು ಖಣ, ನಾಲ್ಕನೇ ಸೆಮ್‌ದು ಇನ್ನೊಂದು. ಹುಡುಗರಿಗೆ ಇದು ಬಹಳ ಇಷ್ಟ. ಬರ್ತಾರೆ, ಚೀಟಿ ನೋಡ್ತಾರೆ, ಎತ್ತಿಕೊಂಡು ಹೋಗ್ತಾರೆ. ನಾನು ಇತಿಹಾಸವನ್ನು ಹಾಗೇ ಬಿಟ್ಟು, ಅರ್ಥಶಾಸ್ತ್ರವನ್ನು ಮಾತ್ರ ವಿಷಯಕ್ಕೊಂದು ಸಂಖ್ಯೆ ಕೊಡುವ ಡ್ಯೂಯಿ ದಶಮಾಂಶ ವರ್ಗೀಕರಣಕ್ಕೆ ತಂದೆ. ಎದುರುಬದುರು ಎರಡು ಸಾಲು. ನಿಜ ಹೇಳಬೇಕೆಂದರೆ, ಮೊದಲ ಕೆಲವು ತಿಂಗಳು ಇತಿಹಾಸದ ಸಾಲೇ ಗೆದ್ದಿತು. ಅರ್ಥಶಾಸ್ತ್ರದ ಮುಂದೆ ಹುಡುಗರು ಎಟಿಎಂ ಪಿನ್ ಮರೆತವರ ಹಾಗೆ ನಿಂತಿರುತ್ತಿದ್ದರು.

ಆಮೇಲೆ 2021-22ರಲ್ಲಿ ಹೊಸ ಶಿಕ್ಷಣ ನೀತಿ ಬಂತು. ಪೇಪರ್‌ಗಳು ಅದಲುಬದಲಾದವು. ಇತಿಹಾಸದ ಸಾಲಿನ ಚೀಟಿ ಎಲ್ಲ ಕಿತ್ತು ಹೊಸದು ಅಂಟಿಸಿದೆವು. 2024-25ಕ್ಕೆ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ವಾಪಸ್ ಬಂತು. ಮತ್ತೆ ಕಿತ್ತೆವು, ಮತ್ತೆ ಅಂಟಿಸಿದೆವು. ಅದೇ ಪುಸ್ತಕ ಮೂರು ಖಣದ ನೀರು ಕುಡಿಯಿತು. ಎದುರು ಸಾಲಿನಲ್ಲಿ ಬ್ಯಾಂಕಿಂಗ್ ಪುಸ್ತಕಗಳು 332ರಲ್ಲಿ ಕೂತವು ಕೂತಲ್ಲೇ ಇದ್ದವು. ಯಾವ ಸೆಮಿಸ್ಟರ್‌ಗೆ ಬಂದರೂ ಬ್ಯಾಂಕು ಬ್ಯಾಂಕೇ ಅಲ್ವಾ.

ಹಾಗಂತ ಡ್ಯೂಯಿ ನಮ್ಮ ಮನೆಯ ಕೂಸೇನಲ್ಲ. 1876ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು. ಇಂಗ್ಲಿಷ್ ಸಾಹಿತ್ಯಕ್ಕೆ 820ರಿಂದ ಇಡೀ ಹತ್ತು ಮನೆ ಕೊಟ್ಟಿದೆ. ಕನ್ನಡ ಸಾಹಿತ್ಯ ಎಲ್ಲಿದೆ ಅಂದರೆ 894.814ರಲ್ಲಿ, 'ಇತರ ಭಾಷೆಗಳು' ಅನ್ನುವ ಓಣಿಯ ಕೊನೆಯ ಸಂದಿಯಲ್ಲಿ. ಕಾವ್ಯಕ್ಕೆ 894.8141, ಕಾದಂಬರಿಗೆ 894.8143. 48 ಪುಟದ ಕವನ ಸಂಕಲನದ ಬೆನ್ನು ಎಷ್ಟು ಅಗಲ ಇರುತ್ತೆ ಹೇಳಿ! ಚೀಟಿ ಅರ್ಧ ಬೆನ್ನಿಗೆ, ಅರ್ಧ ರಟ್ಟಿಗೆ ಸುತ್ತಿಕೊಳ್ಳುತ್ತದೆ. ಆರು ತಿಂಗಳಿಗೆ ಸುಲಿದು ಬೀಳುತ್ತದೆ.

ಇದಕ್ಕೆ ಮದ್ದು ಡ್ಯೂಯಿಯಲ್ಲೇ ಇದೆ. ಸ್ಥಳೀಯ ಸಾಹಿತ್ಯಕ್ಕೆ ಒಂದು ಅಕ್ಷರ ಕೊಟ್ಟು ಸಂಖ್ಯೆ ಗಿಡ್ಡ ಮಾಡಿಕೊಳ್ಳಲು ಅದೇ ಅವಕಾಶ ಕೊಟ್ಟಿದೆ. ನಾವು 'ಕ' ಹಾಕಿದೆವು. ಕ 1 ಕಾವ್ಯ, ಕ 2 ನಾಟಕ, ಕ 3 ಕಾದಂಬರಿ. ಹೊರಗಿನಿಂದ ಬಂದವರು ಒಂದು ಕ್ಷಣ ತಬ್ಬಿಬ್ಬಾಗುತ್ತಾರೆ. ನಮ್ಮ ಹುಡುಗರು ಆಗುವುದಿಲ್ಲ. ಕಾಕಾ ಅಂತೂ 'ಕ ಮೂರು' ಅಂದರೆ ಕಣ್ಣು ಮುಚ್ಚಿ ಹೋಗುತ್ತಾರೆ.

ನಮ್ಮ ದೇಶದ ಲೈಬ್ರರಿ ಪಂಡಿತ ರಂಗನಾಥನ್ ಅವರ ಕೋಲನ್ ವರ್ಗೀಕರಣ ಪದ್ಧತಿ ಯಾಕೆ ನೋಡಲಿಲ್ಲ ಅಂತ ಕೇಳಬಹುದು. ಧಾರವಾಡದಲ್ಲಿ ಲೈಬ್ರರಿ ಸೈನ್ಸ್ ಓದುವಾಗ ಅದಕ್ಕೆ ಬೆವರು ಸುರಿಸಿದ್ದೇನೆ. 1933ರಲ್ಲೇ ಅವರು ವಿಷಯವನ್ನು ಬಿಡಿ ಬಿಡಿ ಮುಖಗಳಾಗಿ ಒಡೆದು ಜೋಡಿಸಿದ ರೀತಿ ಈಗಲೂ ಬೆರಗು ಹುಟ್ಟಿಸುತ್ತದೆ. ಆದರೆ ಆ ಚೀಟಿಯನ್ನು ಕಾಕಾ ಓದಬೇಕಲ್ಲ. 'ಓದುಗನ ಸಮಯ ಉಳಿಸು' ಅಂತ 1931ರಲ್ಲಿ ಹೇಳಿದವರೂ ಅವರೇ. ಅವರ ಆ ಮಾತು ಕೇಳಿ ಅವರ ಪದ್ಧತಿ ಬಿಟ್ಟೆ.

ಕಂಪ್ಯೂಟರ್: ಊರ ತಂತ್ರಾಂಶವೋ, ಕೋಹಾವೋ

ನಮ್ಮಲ್ಲಿ ಮೊದಲು ಒಬ್ಬರು ಪರಿಚಯದ ಮೇಲೆ ಬರೆದುಕೊಟ್ಟಿದ್ದ ತಂತ್ರಾಂಶವಿತ್ತು. ಒಂದೇ ಕಂಪ್ಯೂಟರ್‌ನಲ್ಲಿ ಓಡುತ್ತಿತ್ತು. ಸರಳ, ಚುರುಕು. ಬರೆದವರು ಫೋನ್ ಎತ್ತುವವರೆಗೆ ಏನೂ ತೊಂದರೆ ಇರಲಿಲ್ಲ. ಅವರು ಬೆಂಗಳೂರಿಗೆ ಹೋದರು, ಕಥೆ ಮುಗಿಯಿತು. ಅವರ ತಪ್ಪಲ್ಲ. ಅದೂ ನನ್ನ ತಲೆಯ ಕ್ಯಾಟಲಾಗಿನ ಜಾತಿಯದೇ.

ಕೋಹಾ ಅನ್ನುವ ಲೈಬ್ರರಿ ತಂತ್ರಾಂಶ ನ್ಯೂಜಿಲೆಂಡಿನದು. 2000ದಲ್ಲಿ ಅಲ್ಲಿನ ಒಂದು ಸಾರ್ವಜನಿಕ ಲೈಬ್ರರಿಯಲ್ಲಿ ಶುರುವಾಯಿತು. ಮಾವೊರಿ ಭಾಷೆಯಲ್ಲಿ ಆ ಹೆಸರಿಗೆ ಕಾಣಿಕೆ ಅಂತ ಅರ್ಥ. ಮುಕ್ತ ತಂತ್ರಾಂಶ, ಪುಕ್ಕಟೆ. ಆದರೆ ಪುಕ್ಕಟೆ ಅಂದರೆ ಎಮ್ಮೆ ಪುಕ್ಕಟೆ ಕೊಟ್ಟ ಹಾಗೆ, ಮೇವು ನಮ್ಮದೇ. ಲಿನಕ್ಸ್ ಗೊತ್ತಿರುವವರು ಬೇಕು, ಯುಪಿಎಸ್ ಬೇಕು, ದಿನಾ ಬ್ಯಾಕಪ್ ಬೇಕು.

ನಮಗೆ ನಿಜವಾಗಿ ಬೆನ್ನು ಮುರಿದಿದ್ದು ಕನ್ನಡ. ಹಳೆಯ ದಾಖಲೆ ಎಲ್ಲ 'ನುಡಿ' ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಅಕ್ಷರದಲ್ಲಿತ್ತು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಇಂಗ್ಲಿಷ್ ಕಸ. 'ಕನ್ನಡ' ಅನ್ನುವ ಪದವೇ ಕೋಹಾದಲ್ಲಿ ಇಂಗ್ಲಿಷಿನ ಪಿ, ಟೋಪಿ ಹಾಕಿಕೊಂಡ ಎ, ಬ್ರಿಟನ್ನಿನ ಪೌಂಡ್ ಗುರುತು ಆಗಿ ಕಾಣಿಸಿತು. ಯುನಿಕೋಡ್‌ಗೆ ಪರಿವರ್ತಿಸುವ ಉಪಕರಣ ಹಾಕಿ, ಇಡೀ ಪಟ್ಟಿಯನ್ನು ಒಂದೇ ಏಟಿಗೆ ಅದರೊಳಗೆ ಸುರಿದೆ. ಬುದ್ಧಿವಂತಿಕೆ ನೋಡಿ! ಕನ್ನಡ ಪುಸ್ತಕ ಸರಿಯಾದವು. ಇಂಗ್ಲಿಷ್ ಪುಸ್ತಕದ ಹೆಸರೆಲ್ಲ ಅರ್ಥವಿಲ್ಲದ ಕನ್ನಡವಾಗಿ ಕೂತವು. ಷೇಕ್ಸ್‌ಪಿಯರ್ ಯಾವುದೋ ಮಂತ್ರವಾಗಿದ್ದ. ಆ ಬೇಸಿಗೆ ರಜೆ ಪೂರ್ತಿ ಎರಡನ್ನೂ ಬೇರೆ ಮಾಡುವುದರಲ್ಲಿ ಹೋಯಿತು.

ಕೋಹಾದ ದೊಡ್ಡ ಲಾಭ, ಬೇರೆ ಲೈಬ್ರರಿಗಳ ದಾಖಲೆಯನ್ನು ನೇರ ಎಳೆದುಕೊಳ್ಳಬಹುದು. ಇಂಗ್ಲಿಷ್ ಪುಸ್ತಕಕ್ಕೆ ಐಎಸ್‌ಬಿಎನ್ ಸಂಖ್ಯೆ ಹೊಡೆದರೆ ಅರ್ಧ ನಿಮಿಷದ ಕೆಲಸ. ಕನ್ನಡ ಪುಸ್ತಕಕ್ಕೆ ಇದು ಕೈ ಕೊಡುತ್ತದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಕನ್ನಡ ಪುಸ್ತಕದ ದಾಖಲೆ ರಾಶಿ ಇವೆ. ಬಹುತೇಕ ಇಂಗ್ಲಿಷ್ ಅಕ್ಷರದಲ್ಲಿ, ಮೇಲೆ ಗೆರೆ ಕೆಳಗೆ ಚುಕ್ಕೆ ಇಟ್ಟು. ಅದನ್ನು ನಮ್ಮ ಹುಡುಗರು ಯಾವ ಜನ್ಮದಲ್ಲೂ ಟೈಪ್ ಮಾಡುವುದಿಲ್ಲ. ಹಾಗಾಗಿ ಕನ್ನಡ ಹೆಸರು ನಾವೇ ಕೈಯಾರೆ ಹೊಡೆದೆವು. ಜೊತೆಗೆ ಅವರು ವಾಟ್ಸಾಪಿನಲ್ಲಿ ಬರೆಯುವ ಥರದ ಇಂಗ್ಲಿಷ್ ಅಕ್ಷರದ ಹೆಸರನ್ನೂ ಪುಸ್ತಕದ ದಾಖಲೆ ಬರೆಯುವ ನಮೂನೆಯಾದ ಮಾರ್ಕ್‌ನ 246ನೇ ಜಾಗದಲ್ಲಿ ಸೇರಿಸಿದೆವು. ಇದು ನಾನು ಮಾಡಿದ ಅತಿ ಸಣ್ಣ, ಅತಿ ಉಪಯೋಗದ ಕೆಲಸ.

ಇನ್ನೊಂದು ಅಂದರೆ ಹೆಸರಿನ ಗಂಟು. ಒಬ್ಬ ಹುಡುಗಿ ಅಂಬಿಕಾತನಯದತ್ತ ಅಂತ ಹುಡುಕಿದಳು. ಹಳೇ ತಂತ್ರಾಂಶ ಇಲ್ಲ ಅಂದಿತು. ಬೇಂದ್ರೆ ಅಂತ ಹೊಡೆದರೆ ಒಂದು ಕಪಾಟು ಇದೆ! ಸಾಧನಕೇರಿಯಿಂದ ನೂರು ಕಿಲೋಮೀಟರ್ ಒಳಗೆ ಕೂತು ಹೀಗಾದರೆ ನಾಚಿಕೆ ಅಲ್ವಾ. ಕೋಹಾದಲ್ಲಿ ಒಂದು ಹೆಸರಿನಿಂದ ಇನ್ನೊಂದಕ್ಕೆ ದಾರಿ ತೋರಿಸುವ ಪಟ್ಟಿ ಮಾಡಬಹುದು. ಮಾಡಿದೆವು.

ಕರೆಂಟ್ ಹೋದಾಗ? ಗೆರೆ ಹಾಕಿದ 200 ಪುಟದ ನೋಟ್‌ಬುಕ್. ಯಾವ ತಂತ್ರಾಂಶವೂ ಅದನ್ನು ಸೋಲಿಸಿಲ್ಲ.

ಕಲಿಸುವುದು: ಮೈಕೋ, ಚೀಟಿಯೋ

ಹಳೇ ಪದ್ಧತಿ ನಿಮಗೂ ಗೊತ್ತು. ಹೊಸ ಬ್ಯಾಚ್ ಬಂದ ಕೂಡಲೇ ಸಭಾಭವನದಲ್ಲಿ ಓರಿಯೆಂಟೇಶನ್. 300 ಮಂದಿ, ಒಂದು ಮೈಕು, 42 ಸ್ಲೈಡು. ಎಲ್ಲ ಹೇಳುತ್ತಿದ್ದೆ. ಮರುದಿನ ಕೌಂಟರಿನಲ್ಲಿ ಮೊದಲ ಪ್ರಶ್ನೆ, "ಸರ್, ಲೈಬ್ರರಿ ಎಷ್ಟಕ್ಕ ತಗೀತೀರಿ?" ಅದು ಮೂರನೇ ಸ್ಲೈಡು.

ಆಮೇಲೆ ಆರು ನಿಮಿಷದ ವಿಡಿಯೋ ಮಾಡಿದೆ. ನೋಡಿದವರಲ್ಲಿ ಅರ್ಧ ನಮ್ಮ ಸ್ಟಾಫೇ.

ಮೂರನೆಯದು ಚೀಟಿ. 15 ಮಂದಿಯ ಗುಂಪು, 40 ನಿಮಿಷ. ಪ್ರತಿಯೊಬ್ಬರಿಗೂ ಒಂದು ಚೀಟಿ, ಅದರಲ್ಲಿ ಒಂದು ಸಂಖ್ಯೆ. ಆ ಪುಸ್ತಕ ಹುಡುಕಿ ತರಬೇಕು. ಅದರ ಬಲಕ್ಕಿದ್ದ ಪುಸ್ತಕದ ಹೆಸರು ಚೀಟಿಯಲ್ಲಿ ಬರೆಯಬೇಕು. ತಂದದ್ದನ್ನು ವಾಪಸ್ ಇಡಬಾರದು, ಮೇಜಿನ ಮೇಲೆ ಬಿಡಬೇಕು. ಈ ಕೊನೆಯದೇ ಅವರಿಗೆ ಕಷ್ಟ. ಮನೆಯಲ್ಲಿ ತೆಗೆದದ್ದು ತೆಗೆದಲ್ಲೇ ಇಡು ಅಂತ ಬೈಸಿಕೊಂಡು ಬೆಳೆದವರು. ಆದರೆ ಲೈಬ್ರರಿಯಲ್ಲಿ ತಪ್ಪು ಜಾಗಕ್ಕೆ ಹೋದ ಪುಸ್ತಕ ಕಳೆದ ಪುಸ್ತಕವೇ.

ಒಬ್ಬ ಬ್ಯಾಡಗಿ ಹುಡುಗನಿಗೆ 330.96 ಬಂದಿತ್ತು. ಹತ್ತು ನಿಮಿಷ ಹುಡುಕಿದ. "ಇಲ್ಲಿಲ್ರಿ ಸರ್" ಅಂದ. ಹೋಗಿ ನೋಡಿದೆ. ಅವನು 330.954ರ ಹಿಂದೆ ಹುಡುಕುತ್ತಿದ್ದ. 954 ದೊಡ್ಡದು, 96 ಚಿಕ್ಕದು, ಅಂದ ಮೇಲೆ 96 ಮೊದಲು ಬರಬೇಕಲ್ಲ? ಅವನ ಲೆಕ್ಕ ಅವನಿಗೆ ಸರಿ. 42 ಸ್ಲೈಡಿನಲ್ಲಿ ನಾನು ಒಮ್ಮೆಯೂ ದಶಮಾಂಶ ಓದುವುದು ಹೇಗೆ ಅಂತ ಹೇಳಿರಲಿಲ್ಲ. ಇವರಿಗೆ ಗೊತ್ತೇ ಇರುತ್ತದೆ ಅಂದುಕೊಂಡಿದ್ದೆ.

"ನಿಮ್ಮಪ್ಪ ಮಾರ್ಕೆಟಿಗೆ ಮೆಣಸಿನಕಾಯಿ ತರ್ತಾರಾ?"

"ಹೂಂರಿ."

"ತಕ್ಕಡಿಯೊಳಗ ಒಂದು ಚೀಲ 33.954 ಕಿಲೋ, ಇನ್ನೊಂದು 33.96. ಯಾವ ಚೀಲಕ್ಕ ಜಾಸ್ತಿ ರೊಕ್ಕ?"

ಒಂದು ಸೆಕೆಂಡ್ ಸುಮ್ಮನಿದ್ದ. "954 ಗ್ರಾಮು... 960 ಗ್ರಾಮು... ಅಯ್ಯ!" ಅಂದವನೇ ಬಲಕ್ಕೆ ಎರಡು ಖಣ ದಾಟಿ ಪುಸ್ತಕ ಎಳೆದ. 330.954 ಭಾರತದ ಆರ್ಥಿಕ ಪರಿಸ್ಥಿತಿ, 330.96 ಆಫ್ರಿಕಾದ್ದು. ಅದನ್ನು ಅವನೇ ಓದಿ ಉಳಿದವರಿಗೆ ಹೇಳಿದ. ಆಮೇಲೆ ಎಲ್ಲ ಗುಂಪಿಗೂ ನಾನು ಮೊದಲು ಹೇಳುವುದು ಮೆಣಸಿನಕಾಯಿ ಚೀಲವನ್ನೇ.

ಚೀಟಿಯ ಖರ್ಚೂ ಹೇಳಬೇಕು. 300 ಮಂದಿಗೆ 20 ಗುಂಪು. ಮೂರು ವಾರ ನನ್ನ ಗಂಟಲು ಹೋಗುತ್ತದೆ. ಒಂದು ಪೀರಿಯಡ್ ಬಿಟ್ಟುಕೊಡಿ ಅಂದರೆ ಕೆಲವು ಅಧ್ಯಾಪಕರು ಹೊಲ ಬರೆದುಕೊಡು ಅಂದ ಹಾಗೆ ನೋಡುತ್ತಾರೆ. ಆದರೆ ಕಳೆದ ವರ್ಷ ನನಗೆ ಜ್ವರ ಬಂದು ನಾಲ್ಕು ದಿನ ಮಲಗಿದ್ದೆ. ಆ ಬ್ಯಾಡಗಿ ಹುಡುಗ ಆಗ ಕೊನೆಯ ವರ್ಷದಲ್ಲಿದ್ದ. ಐದು ಗುಂಪನ್ನು ಅವನೇ ನಡೆಸಿದ. ಚೀಟಿಗಳನ್ನು ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದ. ನನಗಿಂತ ಚೊಕ್ಕ. ಸ್ಲೈಡಿನಿಂದ ಇದು ಆಗುತ್ತಿತ್ತಾ?

ಆನ್‌ಲೈನ್ ಹುಡುಕಾಟಕ್ಕೂ ಇದೇ ಮಾತು. ಶೋಧಗಂಗಾ ಅನ್ನುವ ಜಾಲತಾಣದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಪಿಎಚ್‌.ಡಿ. ಪ್ರಬಂಧಗಳು ಯಾರಿಗಾದರೂ ಪುಕ್ಕಟೆ ಸಿಗುತ್ತವೆ. ಪ್ರೊಜೆಕ್ಟರ್‌ನಲ್ಲಿ ತೋರಿಸಿದರೆ ತಲೆ ಆಡಿಸುತ್ತಾರೆ. ಅವರವರ ಫೋನಿನಲ್ಲೇ ತೆಗೆಸಿ, ತಮ್ಮ ತಾಲೂಕಿನ ಹೆಸರು ಹೊಡೆಯಿರಿ ಅಂದರೆ ಬೆಲ್ ಆದರೂ ಏಳುವುದಿಲ್ಲ.

ಹಂಚುವುದು

ಹಳೇ ಪ್ರಶ್ನೆಪತ್ರಿಕೆಗೆ ಮೂರು ದಾರಿ ನೋಡಿದೆ. ವಾಟ್ಸಾಪ್ ಗುಂಪು ಎಲ್ಲಕ್ಕಿಂತ ಚುರುಕು. ಆದರೆ ಹೊಸದಾಗಿ ಸೇರಿದವನಿಗೆ ಹಳೆಯದು ತಾನಾಗಿ ಕಾಣುವುದಿಲ್ಲ. ಗುಡ್ ಮಾರ್ನಿಂಗ್ ಗುಲಾಬಿಯ ನಡುವೆ ಪ್ರಶ್ನೆಪತ್ರಿಕೆ ಮುಳುಗುತ್ತದೆ. ಯಾರೋ ಇಡೀ ಪಠ್ಯಪುಸ್ತಕದ ಪಿಡಿಎಫ್ ಹಾಕಿಬಿಡುತ್ತಾರೆ, ಅದಕ್ಕೆ 1957ರ ಹಕ್ಕುಸ್ವಾಮ್ಯ ಕಾಯ್ದೆ ಒಪ್ಪುವುದಿಲ್ಲ. ಎಷ್ಟು ಸಲ ಅಳಿಸುವುದು?

ಡಿಸ್ಪೇಸ್ ಅನ್ನುವುದು ಕಡತಗಳನ್ನು ಕಾಪಾಡಿ ಹಂಚಲೆಂದೇ 2002ರಲ್ಲಿ ಬಂದ ಮುಕ್ತ ತಂತ್ರಾಂಶ. ಪ್ರತಿ ಕಡತಕ್ಕೂ ಬದಲಾಗದ ವಿಳಾಸ ಕೊಡುತ್ತದೆ. ಹಳೇ ಕಂಪ್ಯೂಟರ್ ಒಂದರಲ್ಲಿ ಎಂಟು ತಿಂಗಳು ನಡೆಸಿದೆ. ಹಾರ್ಡ್ ಡಿಸ್ಕ್ ಹೋಯಿತು, ಬ್ಯಾಕಪ್ ಇರಲಿಲ್ಲ. ಯಾರನ್ನು ಬೈಯಲಿ, ನಾನೇ. ಈಗ ಕಾಲೇಜಿನ ಇಮೇಲ್ ಖಾತೆಯ ಗೂಗಲ್ ಡ್ರೈವ್, ಕೀಲಿ ಇಬ್ಬರ ಹತ್ತಿರ. ಕಪಾಟಿನ ಮಗ್ಗಲಿಗೆ ಕ್ಯೂಆರ್ ಕೋಡ್ ಅಂಟಿಸಿದ್ದೇವೆ. ವೈಭವವೇನಿಲ್ಲ, ನಡೆಯುತ್ತದೆ. ಕಾಲೇಜಿನ ಹಳೇ ವಾರ್ಷಿಕ ಸಂಚಿಕೆಗಳಿಗೆ ಮಾತ್ರ ಡಿಸ್ಪೇಸೇ ಬೇಕು ಅಂತ ಈಗಲೂ ಅನ್ನಿಸುತ್ತದೆ. ನೋಡಿಕೊಳ್ಳುವವರು ಸಿಗಲಿ.

ಬೇರೆ ಲೈಬ್ರರಿಯಿಂದ ಪುಸ್ತಕ ತರಿಸುವುದರಲ್ಲಿ ಮಾತ್ರ ನನ್ನ ಲೆಕ್ಕ ಉಲ್ಟಾ ಆಯಿತು. ಗೆಳೆಯನಿಗೆ ಫೋನ್ ಮಾಡಿದರೆ ಸಂಜೆಯೊಳಗೆ ವಿಷಯಸೂಚಿಯ ಫೋಟೋ ಬರುತ್ತಿತ್ತು. ಲೆಟರ್‌ಹೆಡ್‌ನಲ್ಲಿ ಬರೆದ ಪತ್ರಕ್ಕೆ ಒಂದು ದೊಡ್ಡ ಗ್ರಂಥಾಲಯದಿಂದ ಉತ್ತರ ಬರಲು ಒಂಬತ್ತು ದಿನ ಹಿಡಿಯಿತು. ಗೆಳೆಯನೇ ಗೆದ್ದ ಅಂದುಕೊಂಡೆ. ಅವನು ನಿವೃತ್ತನಾದ. ಆ ಕುರ್ಚಿಯಲ್ಲಿ ಈಗ ಯಾರಿದ್ದಾರೋ ನನಗೆ ಗೊತ್ತಿಲ್ಲ. ಪತ್ರ ಮಾತ್ರ ಯಾರು ಕೂತರೂ ನಡೆಯುತ್ತದೆ. ಅದಕ್ಕೇ ಈಗ ನಾನು ಸಹಿ ಮಾಡಿದ ಪರಿಚಯ ಪತ್ರದ ಪುಸ್ತಿಕೆಯನ್ನೇ ಕೌಂಟರಿನಲ್ಲಿ ಇಟ್ಟಿದ್ದೇನೆ. ಬೇಕಾದವರು ಹೆಸರು ಬರೆಸಿಕೊಂಡು, ಹುಬ್ಬಳ್ಳಿಯಲ್ಲಿ ಇಳಿದು, ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ಹೋಗಿ ಓದಿ ಬರುತ್ತಾರೆ.

ಹೋದ ತಿಂಗಳು ಎರಡು ದಿನ ರಜೆ ಹಾಕಿದ್ದೆ. ಮೊದಲ ದಿನ ಫೋನ್ ಬರಲೇ ಇಲ್ಲ. ಎರಡನೇ ದಿನ ಮಧ್ಯಾಹ್ನ ಕಾಕಾ.

"ಸರ್, ಪುಸ್ತಕದ್ದೇನೂ ತ್ರಾಸಿಲ್ರಿ. ಸ್ಟೋರ್ ರೂಮಿನ ಕೀಲಿ ಎಲ್ಲಿ ಇಟ್ಟೀರಿ?"

"ನನ್ನ ಟೇಬಲ್ಲಿನ ಎಡಗಡೆ ಡ್ರಾ. ಸ್ಟಾಂಪ್ ಪ್ಯಾಡಿನ ಕೆಳಗ."