ನೀಲಗಿರಿ ಏರಿಗೆ ಸೈಕಲ್ ಒಯ್ಯುವುದು ಹೇಗೆ: ರಟ್ಟಿನ ಡಬ್ಬ, ದುಬಾರಿ ಬ್ಯಾಗ್, ಬಾಡಿಗೆ ಸೈಕಲ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ರಟ್ಟಿನ ಡಬ್ಬಕ್ಕೆ. ಅಂಗಡಿಗೆ ಹೊಸ ಸೈಕಲ್ ಬರುತ್ತದಲ್ಲ, ಅದೇ ಡಬ್ಬ. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಕೊಯಮತ್ತೂರಿಗೆ ಹೋಗಿ, ಅಲ್ಲಿಂದ ಮೆಟ್ಟುಪಾಳಯಂ ಮೂಲಕ ಕೋಟಗಿರಿ ಹತ್ತುವುದು ನನಗೆ ತುಂಬ ಇಷ್ಟದ ಸವಾರಿ. ಅದಕ್ಕೆ ಸ್ನೇಹಿತರ ಪ್ಯಾಡ್ ಇರುವ ಸೈಕಲ್ ಬ್ಯಾಗನ್ನೂ ಬಳಸಿದ್ದೇನೆ, ಅಲ್ಲೇ ಬಾಡಿಗೆಗೆ ಸೈಕಲ್ಲನ್ನೂ ತೆಗೆದುಕೊಂಡಿದ್ದೇನೆ, ಡಬ್ಬವನ್ನೂ ಹೊತ್ತಿದ್ದೇನೆ.

ಏರಿನ ಬಗ್ಗೆ ಸ್ವಲ್ಪ. ಮೆಟ್ಟುಪಾಳಯಂ ಸುಮಾರು 330 ಮೀಟರ್ ಎತ್ತರದಲ್ಲಿದೆ. ಕೋಟಗಿರಿ 1,800 ಮೀಟರ್ ಹತ್ತಿರ. ನಡುವೆ 33 ಕಿ.ಮೀ. ಆಸುಪಾಸು ದಾರಿ. ಸರಾಸರಿ ಲೆಕ್ಕ ಹಾಕಿದರೆ ಶೇ 4.5 ಏರು ಅಷ್ಟೇ. ನಂದಿ ಬೆಟ್ಟದಷ್ಟು ಕಡಿದಲ್ಲ, ಆದರೆ ಅದರ ನಾಲ್ಕು ಪಟ್ಟು ಉದ್ದ. ನಂದಿಯಲ್ಲಿ ಗೇರ್ ಸ್ವಲ್ಪ ಭಾರ ಇದ್ದರೂ ಎದ್ದು ನಿಂತು ತುಳಿದು ಹೇಗೋ ಮುಗಿಸಬಹುದು. ಇಲ್ಲಿ ಆ ಆಟ ನಡೆಯುವುದಿಲ್ಲ. ಗಂಟೆಗಟ್ಟಲೆ ಕೂತು ತುಳಿಯಬೇಕು, ಹಾಗಾಗಿ ಅತಿ ಹಗುರ ಗೇರ್ ಸರಿಯಾಗಿ ಕೆಲಸ ಮಾಡಲೇಬೇಕು. ನನ್ನ ಸೈಕಲ್ಲಿನಲ್ಲಿ ಮುಂದೆ, ಪೆಡಲ್ ಬಳಿಯ ಹಲ್ಲುಗಾಲಿಯಲ್ಲಿ 34 ಹಲ್ಲು, ಹಿಂದೆ ದೊಡ್ಡ ಹಲ್ಲುಗಾಲಿಯಲ್ಲೂ 34. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಏಳೂವರೆ ಕಿ.ಮೀ. ಬರುತ್ತದೆ. ನನ್ನ ಮಂಡಿಗೆ ಅದೇ ಸರಿ. (ಹಿಂದೆ 28 ಇರುವವರು ಹೊರಡುವ ಮೊದಲೇ ಕ್ಯಾಸೆಟ್, ಅಂದರೆ ಹಿಂದಿನ ಹಲ್ಲುಗಾಲಿಗಳ ಗೊಂಚಲು, ಬದಲಿಸಿಕೊಳ್ಳಿ. ಚೈನನ್ನು ಒಂದು ಹಲ್ಲುಗಾಲಿಯಿಂದ ಇನ್ನೊಂದಕ್ಕೆ ಸರಿಸುವ ಡಿರೇಲರ್ ಹಳೆಯದಾಗಿ, ಗಿಡ್ಡ ತೋಳಿನ ಶಾರ್ಟ್ ಕೇಜ್ ಬಗೆಯದಾಗಿದ್ದರೆ 34 ಹೊಂದದೇ ಇರಬಹುದು, ಮೆಕ್ಯಾನಿಕ್ ಹತ್ತಿರ ಕೇಳಿ.)

ಈಗ ಬ್ಯಾಗಿನ ಕಥೆ. ನೋಡೋಕೆ ಚೆಂದ, ಒಳಗೆ ದಪ್ಪ ಫೋಮ್, ಚಕ್ರಗಳಿಗೆ ಬೇರೆ ಜೇಬು. ಎರಡೂ ಚಕ್ರ ಬಿಚ್ಚಿ, ಹ್ಯಾಂಡಲ್ ತಿರುಗಿಸಿ ಇಟ್ಟರೆ ಸಾಕು ಅಂತ ಅದರ ಜೊತೆ ಬಂದ ಚೀಟಿಯಲ್ಲೇ ಇದೆ. ಹಾಗೇ ಮಾಡಿ ಬಸ್ಸಿನ ಡಿಕ್ಕಿಗೆ ಹಾಕಿದ್ದಾಯಿತು. ಮೆತ್ತಗಿನ ಬ್ಯಾಗ್ ಕಂಡರೆ ಲಗೇಜ್ ಹಾಕುವವರಿಗೆ ಅದು ಬಟ್ಟೆ ಮೂಟೆ ಅಲ್ವಾ, ಮೇಲೆ ಇನ್ನೆರಡು ಮೂಟೆ ಬಿತ್ತು. ಕೊಯಮತ್ತೂರಿನ ಲಾಡ್ಜಿನಲ್ಲಿ ಜೋಡಿಸಿ ನೋಡಿದರೆ ಹಿಂದಿನ ಗೇರ್ ಹ್ಯಾಂಗರ್ ಒಳಕ್ಕೆ ಬಾಗಿತ್ತು.

ಹ್ಯಾಂಗರ್ ಅಂದರೆ ಡಿರೇಲರನ್ನು ಫ್ರೇಮಿಗೆ ಹಿಡಿಸುವ ಪುಟ್ಟ ಅಲ್ಯೂಮಿನಿಯಂ ತುಂಡು. ಏಟು ಬಿದ್ದಾಗ ಫ್ರೇಮ್ ಉಳಿಯಲಿ, ತಾನು ಬಾಗಲಿ ಅಂತಲೇ ಅದನ್ನು ಮೆದುವಾಗಿ ಮಾಡಿರುತ್ತಾರೆ. ಇದರಲ್ಲಿ ಕಿರಿಕಿರಿ ಏನೆಂದರೆ, ಬಾಗಿದ ಹ್ಯಾಂಗರ್ ಸಮತಟ್ಟು ರಸ್ತೆಯಲ್ಲಿ ಅಷ್ಟಾಗಿ ಗೊತ್ತಾಗುವುದೇ ಇಲ್ಲ. ಸಣ್ಣ ಹಲ್ಲುಗಾಲಿಗಳಲ್ಲಿ ಸ್ವಲ್ಪ ಸದ್ದು, ಅಷ್ಟೇ. ಆದರೆ ದೊಡ್ಡ ಹಲ್ಲುಗಾಲಿಗೆ ಹೋದಾಗ ಡಿರೇಲರ್ ಚಕ್ರದ ಕಡ್ಡಿಗಳ ತೀರಾ ಹತ್ತಿರ ಇರುತ್ತದೆ. ಹ್ಯಾಂಗರ್ ಒಳಕ್ಕೆ ವಾಲಿದ್ದರೆ ಕಡ್ಡಿಗೇ ತಾಗುತ್ತದೆ. ಘಾಟಿಯಲ್ಲಿ ಬೇಕಾಗುವುದು ಅದೇ ಗೇರ್! ಏರಿನ ನಡುವೆ ಅದು ಕಡ್ಡಿಯೊಳಗೆ ಸಿಕ್ಕಿಕೊಂಡರೆ ಡಿರೇಲರ್ ಮುರಿದು, ಕಡ್ಡಿಗಳೂ ಕಿತ್ತು, ಸವಾರಿ ಅಲ್ಲಿಗೇ ಮುಗಿಯುತ್ತದೆ.

ಹೊಸ ಹ್ಯಾಂಗರ್ ಹಾಕೋಣ ಅಂದರೆ ಒಂದೊಂದು ಫ್ರೇಮಿಗೆ ಒಂದೊಂದು ಆಕಾರ. ಊರೂರಿನ ಅಂಗಡಿಯಲ್ಲಿ ನಿಮ್ಮದೇ ಸಿಗುತ್ತದೆ ಅಂತ ನಂಬುವ ಹಾಗಿಲ್ಲ. ಕೈಯಲ್ಲಿ ಬಗ್ಗಿಸಿ ನೇರ ಮಾಡಬಹುದು, ಆದರೆ ಅಲ್ಯೂಮಿನಿಯಂ ಒಮ್ಮೆ ಬಾಗಿ ಮತ್ತೆ ಬಗ್ಗಿಸಿದರೆ ಬಿರುಕು ಬಿಡುವ ಭಯ, ಅದೂ ಇನ್ನೇನು ಘಾಟಿ ಹತ್ತಬೇಕು ಅನ್ನುವಾಗ. ಕೊನೆಗೆ ಲಿಮಿಟ್ ಸ್ಕ್ರೂ ತಿರುಗಿಸಿ 34ಕ್ಕೆ ಚೈನ್ ಹೋಗದ ಹಾಗೆ ಮಾಡಿ, 30ರಲ್ಲೇ ಹತ್ತಿದೆ. ಸುತ್ತು ಸುತ್ತಿಗೂ ಶೇ 13ರಷ್ಟು ಜಾಸ್ತಿ ಬಲ. ಕೇಳೋಕೆ ಸಣ್ಣದು. ಘಾಟಿಯ ಅರ್ಧಕ್ಕೆ ಬರುವಷ್ಟರಲ್ಲಿ ಎರಡೂ ಮಂಡಿ ಸುಡುತ್ತಿದ್ದವು, ಕೋಟಗಿರಿಯ ತಂಪು ಗಾಳಿಯನ್ನು ಅನುಭವಿಸುವ ಮನಸ್ಸೂ ಉಳಿದಿರಲಿಲ್ಲ.

ಬ್ಯಾಗಿನಲ್ಲೂ ಡಿರೇಲರ್ ಬಿಚ್ಚಿ ಇಡಬಹುದಲ್ಲ ಅಂತ ಕೇಳಬಹುದು. ಇಡಬಹುದು. ಈಗ ಯಾವುದರಲ್ಲಿ ಒಯ್ದರೂ ನಾನು ಬಿಚ್ಚಿಯೇ ಇಡುತ್ತೇನೆ. 5 ಎಂಎಂ ಅಲನ್ ಕೀ ಒಂದಿದ್ದರೆ ಸಾಕು. ಬಿಚ್ಚಿ, ಹಳೆ ಬಟ್ಟೆ ಸುತ್ತಿ, ಫ್ರೇಮಿನ ಹಿಂದಿನ ತ್ರಿಕೋನದ ಒಳಗೆ ಕಟ್ಟಿಬಿಡಿ. ಜೊತೆಗೆ ನಿಮ್ಮ ಫ್ರೇಮಿನದೇ ಇನ್ನೊಂದು ಹ್ಯಾಂಗರ್ ಮೊದಲೇ ತರಿಸಿ ಟೂಲ್ ಚೀಲದಲ್ಲಿ ಇಟ್ಟುಕೊಳ್ಳಿ. ಬೆಂಕಿಪೊಟ್ಟಣದಷ್ಟೂ ಜಾಗ ಹಿಡಿಯುವುದಿಲ್ಲ.

ಹಾಗಿದ್ದೂ ಡಬ್ಬವೇ ಮೇಲು ಅನ್ನೋಕೆ ಬೇರೆ ಕಾರಣ ಇದೆ. ಒಳ್ಳೆಯ ಬ್ಯಾಗಿಗೆ ಹತ್ತು ಸಾವಿರ ದಾಟುತ್ತದೆ, ವರ್ಷದಲ್ಲಿ ಅಪರೂಪಕ್ಕೆ ಹೊರಡುವ ನನ್ನಂಥವರಿಗೆ ಆ ದುಡ್ಡಿನಲ್ಲಿ ಕ್ಯಾಸೆಟ್, ಚೈನ್, ಒಂದು ಜೊತೆ ಟೈರ್ ಬಂದುಬಿಡುತ್ತದೆ. ಡಬ್ಬವನ್ನು ಪರಿಚಯದ ಸೈಕಲ್ ಅಂಗಡಿಯವರು ಸುಮ್ನೆ ಕೊಡುತ್ತಾರೆ. ಕೇಳುವಾಗ ಹೊಸ ಸೈಕಲ್ಲಿನ ಫೋರ್ಕಿನ (ಮುಂದಿನ ಚಕ್ರ ಹಿಡಿಯುವ ಕವಲು) ನಡುವೆ ಸಿಕ್ಕಿಸಿರುವ ಪ್ಲಾಸ್ಟಿಕ್ ಗೂಟವನ್ನೂ ಕೇಳಿ ಇಸ್ಕೊಳ್ಳಿ. ಮೇಲಿನಿಂದ ಭಾರ ಬಿದ್ದರೂ ಫೋರ್ಕ್ ಒಳಕ್ಕೆ ಒತ್ತುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಡಬ್ಬವನ್ನು ಬಿಟ್ಟು ಹೋಗಬಹುದು. ಕೋಟಗಿರಿ ಹತ್ತಿ, ಊಟಿಗೆ ಹೋಗಿ, ಅಲ್ಲಿಂದಲೇ ಮೈಸೂರಿಗೆ ಬಸ್ ಹಿಡಿಯುವ ಮನಸ್ಸಾದರೆ? ಬ್ಯಾಗಿದ್ದರೆ ಅದಕ್ಕಾಗಿ ಮತ್ತೆ ಕೊಯಮತ್ತೂರಿಗೇ ಇಳಿಯಬೇಕು. ಡಬ್ಬವಾದರೆ ಲಾಡ್ಜಿನವರಿಗೆ ಕೊಟ್ಟು ಹೊರಟುಬಿಡುತ್ತೇನೆ, ವಾಪಸ್ ಬರುವ ಊರಿನಲ್ಲಿ ಇನ್ನೊಂದನ್ನು ಹುಡುಕುತ್ತೇನೆ.

ಡಬ್ಬ ಸೋಲುವುದು ಮಳೆಯಲ್ಲಿ. ನೀಲಗಿರಿಯ ಈ ಪೂರ್ವದ ಮಗ್ಗುಲಿಗೆ ಅಕ್ಟೋಬರ್, ನವೆಂಬರಿನ ಹಿಂಗಾರು ಜೋರಾಗಿಯೇ ಸುರಿಯುತ್ತದೆ. ನೆನೆದ ರಟ್ಟು ತಳ ಬಿಟ್ಟುಕೊಂಡರೆ ಬಸ್ ಸ್ಟ್ಯಾಂಡಿನಲ್ಲೇ ನಟ್ಟು ಬೋಲ್ಟು ಹುಡುಕಬೇಕಾಗುತ್ತದೆ. ಆ ತಿಂಗಳುಗಳಲ್ಲಿ ಹೊರಟರೆ ತಳಕ್ಕೆ ಅಗಲ ಟೇಪು ಎರಡು ಸುತ್ತು, ಹೊರಗೆ ಪ್ಲಾಸ್ಟಿಕ್ ಹಾಳೆ. ಸಣ್ಣ ಭಾಗಗಳನ್ನು ಬೇರೆ ಕವರಿಗೆ ಹಾಕಿ ಫ್ರೇಮಿಗೇ ಕಟ್ಟಿ.

ಬಾಡಿಗೆ ಸೈಕಲ್ ಬಗ್ಗೆ ಹೆಚ್ಚು ಹೇಳೋಕಿಲ್ಲ. ನನಗೆ ಸಿಕ್ಕಿದ್ದರಲ್ಲಿ ಗೇರ್ ನನ್ನದಕ್ಕಿಂತ ಹಗುರವಾಗಿಯೇ ಇತ್ತು, ಮುಂದೆ ಮೂರು ಹಲ್ಲುಗಾಲಿ. ಆದರೆ ಸೀಟಿನ ಕಂಬ ನನ್ನ ಎತ್ತರಕ್ಕೆ ಸಾಲಲಿಲ್ಲ. ಕಾಲು ಪೂರ್ತಿ ಚಾಚದೆ ಅಷ್ಟು ದೂರ ಹತ್ತುವುದು ಮಂಡಿಗೆ ಶಿಕ್ಷೆ. ಇಳಿಯುವಾಗ ಬ್ರೇಕಿನ ರಬ್ಬರ್ ಸವೆದಿರುವುದು ತಿಳಿಯಿತು, ಕೂನೂರಿನಿಂದ ಬರ್ಲಿಯಾರಿನ ಕಡೆಗೆ ತಿರುವಿನ ಮೇಲೆ ತಿರುವು ಇರುವ ದಾರಿಯಲ್ಲಿ ಅದು ತಿಳಿಯಬೇಕಾದ ಜಾಗವೇ ಅಲ್ಲ. ಊರೊಳಗೆ ಚಹಾ ತೋಟ ಸುತ್ತೋಕೆ ಬೇಕಾದರೆ ಬಾಡಿಗೆ ತೆಗೆದುಕೊಳ್ಳಿ, ಘಾಟಿಗೆ ಬೇಡ.

ವಿಮಾನದಲ್ಲಿ ಪದೇ ಪದೇ ಸೈಕಲ್ ಒಯ್ಯುವವರು, ಹೊರಟ ಊರಿಗೇ ತಿರುಗಿ ಬರುವವರು ಬ್ಯಾಗಿಗೆ ದುಡ್ಡು ಹಾಕಬಹುದು. ನಾನೋ ಬಸ್ಸಿನಲ್ಲಿ ಹೋಗುವವರ, ದಾರಿ ನಡುವೆ ಪ್ಲ್ಯಾನ್ ಬದಲಿಸುವವರ ಪೈಕಿ. ನನಗೆ ಡಬ್ಬವೇ. ಇನ್ನೊಂದು ವಿಷಯ, ಮೇ ತಿಂಗಳ ಸೀಸನ್ನಿನಲ್ಲಿ ಮಾತ್ರ ಈ ದಾರಿ ಬೇಡ. ಆಗ ಸಾಮಾನ್ಯವಾಗಿ ಮೇಲೆ ಹೋಗುವ ಗಾಡಿಗಳನ್ನು ಕೂನೂರಿನ ಕಡೆಯಿಂದ ಬಿಟ್ಟು, ಇಳಿಯುವವನ್ನು ಕೋಟಗಿರಿಯ ಕಡೆಗೆ ಕಳಿಸುತ್ತಾರೆ. ಎದುರಿಗೆ ಬರೀ ಕಾರು, ಬಸ್ಸು. ಡಿಸೆಂಬರ್ ಕೊನೆಯಿಂದ ಫೆಬ್ರುವರಿವರೆಗೆ ಹೋಗಿ, ಬೆಳಗ್ಗೆ ಬೇಗ ಮೆಟ್ಟುಪಾಳಯಂನ ಭವಾನಿ ಸೇತುವೆ ದಾಟಿಬಿಡಿ.